ಮಳೆಯ ಹುಳಿ ಇಳಿದರೂ ತೊರೆಯ ಹುಳಿ ಇಳಿಯಲಿಲ್ಲ: ಹಬ್ಬರ್ಡ್ ಬ್ರೂಕ್ ಕಾಡಿನ ಅಲ್ಯೂಮಿನಿಯಂ ಪ್ರಕರಣ

ಹುಳಿ ಮಣ್ಣಿನಲ್ಲಿ ಗಿಡ ಯಾಕೆ ಸೊರಗುತ್ತದೆ ಅಂತ ಕೇಳಿದರೆ ‘ಹುಳಿ ಜಾಸ್ತಿಯಾಗಿದೆ, ಅದಕ್ಕೆ’ ಎಂಬ ಉತ್ತರ ಬರುತ್ತದೆ. ತಪ್ಪೇನಿಲ್ಲ, ಆದರೆ ಅದು ಅರ್ಧ ಉತ್ತರ. ಬಹಳಷ್ಟು ಹುಳಿ ಮಣ್ಣುಗಳಲ್ಲಿ ಬೇರಿಗೆ ಪೆಟ್ಟು ಬೀಳುವುದು ಆ ಹುಳಿಗೆ ಕರಗಿ ನೀರಿಗೆ ಇಳಿದ ಅಲ್ಯೂಮಿನಿಯಂನಿಂದ. ಈ ಸಂಗತಿಯನ್ನು ಬರೀ ಸಮೀಕರಣಗಳಲ್ಲಿ ಓದಿದರೆ ತಲೆಗೆ ಹತ್ತುವುದು ಕಷ್ಟ. ಒಂದು ಕಾಡು, ಒಂದು ತೊರೆ, ಒಂದು ಪ್ರಯೋಗವನ್ನು ಹಿಡಿದು ನಿಧಾನವಾಗಿ ನೋಡಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಅದಕ್ಕೇ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಕಾಡನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಕರಗಿದ ಅಲ್ಯೂಮಿನಿಯಂ ಮಣ್ಣಿನಲ್ಲಿ ಹೇಗೆ ಓಡಾಡುತ್ತದೆ ಎಂಬುದನ್ನು ಇಷ್ಟು ವರ್ಷ, ಇಷ್ಟು ತಾಳ್ಮೆಯಿಂದ ಅಳೆದ ಜಾಗಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಪಾಸ್‌ಬುಕ್ ಇಟ್ಟ ಕಾಡು

ವೈಟ್ ಮೌಂಟನ್ಸ್ ಬೆಟ್ಟಸಾಲಿನ ಈ ಕಾಡನ್ನು ಅಲ್ಲಿನ ಅರಣ್ಯ ಇಲಾಖೆ 1955ರಲ್ಲಿ ಪ್ರಯೋಗಕ್ಕೆಂದು ಮೀಸಲಿಟ್ಟಿತು. 1963ರಲ್ಲಿ ಜೀನ್ ಲೈಕೆನ್ಸ್, ಹರ್ಬರ್ಟ್ ಬೋರ್ಮನ್, ನೋಯ್ ಜಾನ್ಸನ್ ಮತ್ತು ರಾಬರ್ಟ್ ಪಿಯರ್ಸ್ ಎಂಬ ವಿಜ್ಞಾನಿಗಳು ಇಲ್ಲಿ ಒಂದು ಹೊಸ ಬಗೆಯ ಲೆಕ್ಕ ಶುರುಮಾಡಿದರು. ಇಲ್ಲಿನ ಚಿಕ್ಕ ಚಿಕ್ಕ ಕಣಿವೆಗಳ ಅಡಿಯಲ್ಲಿ ಗಟ್ಟಿ ಬಂಡೆ ಇದೆ. ನೀರು ಆಳಕ್ಕೆ ಸೋರಿ ಮಾಯವಾಗುವುದು ತೀರಾ ಕಡಿಮೆ. ಮೇಲಿಂದ ಮಳೆ, ಹಿಮವಾಗಿ ಬಂದದ್ದು ಒಂದೋ ಗಿಡಗಳ ಮೂಲಕ ಆವಿಯಾಗಬೇಕು, ಇಲ್ಲವೇ ಕೆಳಗಿನ ತೊರೆಗೆ ಬರಬೇಕು. ಪ್ರತಿ ಕಣಿವೆಯ ಬಾಯಲ್ಲಿ ‘ವಿ’ ಆಕಾರದ ಕಚ್ಚು ಇರುವ ಕಾಂಕ್ರೀಟ್ ಕಟ್ಟೆಯಿದೆ. ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂದು ನೋಡಿದರೆ ಎಷ್ಟು ನೀರು ಹೋಯಿತೆಂದು ಗೊತ್ತಾಗುತ್ತದೆ. ಆ ನೀರನ್ನು ವಾರಕ್ಕೊಮ್ಮೆ ಬಾಟಲಿಯಲ್ಲಿ ಹಿಡಿದು ಪರೀಕ್ಷಿಸಿದರೆ ಏನೇನು ಹೋಯಿತೆಂದೂ ಗೊತ್ತಾಗುತ್ತದೆ. ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ: ಜಮಾ ಇಷ್ಟು, ಖರ್ಚು ಇಷ್ಟು.

ಮೊದಲ ಬಾರಿ ಹಿಡಿದ ಮಳೆನೀರಿನ ಪಿಎಚ್ 3.7ರ ಆಸುಪಾಸು ಬಂತು. ಗಾಳಿಯ ಇಂಗಾಲದ ಡೈಆಕ್ಸೈಡ್ ಮಾತ್ರ ಕರಗಿದ ಶುದ್ಧ ಮಳೆಯ ಪಿಎಚ್ ಸುಮಾರು 5.6 ಇರುತ್ತದೆ. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಅಂದರೆ ಆ ಮಳೆ ನೂರರ ಹತ್ತಿರ ಪಟ್ಟು ಹುಳಿಯಾಗಿತ್ತು. ಹತ್ತಿರದಲ್ಲಿ ದೊಡ್ಡ ಕಾರ್ಖಾನೆಗಳೇ ಇಲ್ಲದ ಬೆಟ್ಟದ ಕಾಡದು. ದೂರದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಮತ್ತು ಲೋಹದ ಕುಲುಮೆಗಳ ಹೊಗೆಯಿಂದ ಹುಟ್ಟಿದ ಗಂಧಕದ ಆಮ್ಲ, ಜೊತೆಗೆ ನೈಟ್ರಿಕ್ ಆಮ್ಲ ಗಾಳಿಯಲ್ಲಿ ನೂರಾರು ಕಿಲೋಮೀಟರ್ ತೇಲಿ ಬಂದು ಅಲ್ಲಿ ಸುರಿಯುತ್ತಿತ್ತು.

ಮುಂದೆ ಕಾನೂನು ಬಂತು. 1970ರ ಶುದ್ಧ ಗಾಳಿ ಕಾಯ್ದೆ, ಆಮೇಲೆ 1990ರ ತಿದ್ದುಪಡಿ. ಹೊಗೆಯಲ್ಲಿನ ಗಂಧಕ ಇಳಿಯಿತು. ಹಬ್ಬರ್ಡ್ ಬ್ರೂಕ್ ಮಳೆಯಲ್ಲಿ ಗಂಧಕದ ಆಮ್ಲದಿಂದ ಬರುವ ಸಲ್ಫೇಟ್ ಇಳಿಯಿತು, ತೊರೆಯಲ್ಲೂ ಇಳಿಯಿತು. ಹಾಗಾದರೆ ತೊರೆಯ ಪಿಎಚ್ ಮೇಲೇರಬೇಕು, ಅಲ್ಯೂಮಿನಿಯಂ ಕಾಣೆಯಾಗಬೇಕು, ಅಲ್ವಾ? ಹಾಗಾಗಲಿಲ್ಲ. ಪಿಎಚ್ ಅಷ್ಟಿಷ್ಟು ಅಲುಗಾಡಿತು, ಅಷ್ಟೇ. ಕಾಡಿನ ಬೆಳವಣಿಗೆಯೂ 1980ರ ದಶಕದಲ್ಲಿ ನಿಂತಂತಾಗಿತ್ತು. 1996ರಲ್ಲಿ ಲೈಕೆನ್ಸ್, ಚಾರ್ಲ್ಸ್ ಡ್ರಿಸ್ಕಾಲ್ ಮತ್ತು ಡೊನಾಲ್ಡ್ ಬ್ಯೂಸೊ ಮೂವತ್ತು ವರ್ಷಗಳ ಪಾಸ್‌ಬುಕ್ ತೆರೆದು ಕಾರಣ ಹೇಳಿದರು: ಮಣ್ಣಿನಲ್ಲಿದ್ದ ಕ್ಯಾಲ್ಸಿಯಂನ ದೊಡ್ಡ ಪಾಲು ಖಾಲಿಯಾಗಿದೆ.

ಕ್ಯಾಲ್ಸಿಯಂ ಖಾಲಿಯಾದರೆ ಅಲ್ಯೂಮಿನಿಯಂ ಯಾಕೆ ಹೊರಬರುತ್ತದೆ? ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಕರಗದ ಲೋಹ ಕರಗುವುದು ಹೇಗೆ

ಭೂಮಿಯ ಹೊರಪದರದ ತೂಕದಲ್ಲಿ ಸುಮಾರು ಶೇ. 8 ಅಲ್ಯೂಮಿನಿಯಂ. ಆಮ್ಲಜನಕ ಮತ್ತು ಸಿಲಿಕಾನ್ ಬಿಟ್ಟರೆ ಇದೇ ಜಾಸ್ತಿ. ಎಲ್ಲ ಮಣ್ಣಿನಲ್ಲೂ ಅದು ರಾಶಿರಾಶಿ ಇದೆ. ಆದರೆ ಜೇಡಿಯ ಹಾಳೆಗಳಲ್ಲಿ, ಫೆಲ್ಡ್‌ಸ್ಪಾರ್ ಕಲ್ಲಿನಲ್ಲಿ, ಹೈಡ್ರಾಕ್ಸೈಡ್ ರೂಪದಲ್ಲಿ ಬಂಧಿಯಾಗಿರುತ್ತದೆ. ಪಿಎಚ್ 6ರಿಂದ 7ರ ನಡುವೆ ನೀರಿಗೆ ಇಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ‘ಈ ಮಣ್ಣಿನಲ್ಲಿ ಒಟ್ಟು ಎಷ್ಟು ಅಲ್ಯೂಮಿನಿಯಂ ಇದೆ’ ಎಂಬ ಪ್ರಶ್ನೆಯಿಂದ ನಮಗೆ ಏನೂ ತಿಳಿಯುವುದಿಲ್ಲ.

ಗಿಬ್‌ಸೈಟ್ ಎಂಬ ಖನಿಜವನ್ನು ತೆಗೆದುಕೊಳ್ಳಿ. ಅದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ನ ಹರಳು. ಒಂದು ಅಲ್ಯೂಮಿನಿಯಂ ಅಯಾನು (ಚಾರ್ಜ್ ಹೊತ್ತ ಕಣ) ಕರಗಿ ಬರಬೇಕಾದರೆ ಮೂರು ಹೈಡ್ರೋಜನ್ ಅಯಾನುಗಳು ಬೇಕು. ನೀರಿನ ಹುಳಿ ಅಂದರೆ ಈ ಹೈಡ್ರೋಜನ್ ಅಯಾನುಗಳೇ. ಈ ‘ಮೂರು’ ಎಂಬುದನ್ನು ನೆನಪಿಡಿ. ಹೈಡ್ರೋಜನ್ ಅಯಾನು ಹತ್ತು ಪಟ್ಟಾದರೆ ಅಲ್ಯೂಮಿನಿಯಂ ಹತ್ತು ಗುಣಿಸು ಹತ್ತು ಗುಣಿಸು ಹತ್ತು, ಅಂದರೆ ಸಾವಿರ ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿದರೆ, ಪಿಎಚ್ 5ರಲ್ಲಿ ಗಿಬ್‌ಸೈಟ್ ಪಕ್ಕದ ನೀರಿನಲ್ಲಿ ಲೀಟರಿಗೆ ಸುಮಾರು 0.003 ಮಿಲಿಗ್ರಾಂ ಬಿಡಿ ಅಲ್ಯೂಮಿನಿಯಂ ಇರುತ್ತದೆ. 4.5ಕ್ಕೆ ಇಳಿದರೆ 0.09. 4ಕ್ಕೆ ಇಳಿದರೆ 3 ಮಿಲಿಗ್ರಾಂ. ಅರ್ಧ ಅಂಕಿಯ ಪಿಎಚ್ ವ್ಯತ್ಯಾಸವನ್ನು ನಾವು ‘ಏನೋ ಸ್ವಲ್ಪ’ ಎಂದು ಬಿಟ್ಟುಬಿಡುತ್ತೇವೆ. ಬೇರಿನ ಪಾಲಿಗೆ ಅದು ಮೂವತ್ತು ಪಟ್ಟು. ನಿಜವಾದ ಕಾಡುಮಣ್ಣು ಗಿಬ್‌ಸೈಟಿನ ಈ ಗೆರೆಯನ್ನೇ ಹಿಡಿದು ನಡೆಯುವುದಿಲ್ಲ. ಕೊಳೆತ ಎಲೆಯ ಪದರದಲ್ಲಿ ಸಾವಯವ ಪದಾರ್ಥ ಅಲ್ಯೂಮಿನಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ಲೆಕ್ಕಕ್ಕಿಂತ ಕಡಿಮೆ ಬಿಡುತ್ತದೆ. ಆದರೂ ಏರಿಳಿತದ ದಿಕ್ಕು ಇದೇ.

ಕರಗಿದ ಮೇಲೂ ಅದು ಸುಮ್ನೆ ಇರುವುದಿಲ್ಲ. ಮೂರು ಪ್ಲಸ್ ಚಾರ್ಜ್ ಹೊತ್ತ ಪುಟ್ಟ ಅಯಾನು ತನ್ನ ಸುತ್ತ ಆರು ನೀರಿನ ಅಣುಗಳನ್ನು ಎಳೆದುಕೊಳ್ಳುತ್ತದೆ. ಎಷ್ಟು ಬಿಗಿಯಾಗಿ ಅಂದರೆ ಅವುಗಳಲ್ಲಿ ಒಂದು ಅಣು ತನ್ನ ಹೈಡ್ರೋಜನ್ ಅನ್ನು ಬಿಟ್ಟುಕೊಡುತ್ತದೆ. ಪಿಎಚ್ 5ರ ಹತ್ತಿರ ಸರಿಸುಮಾರು ಅರ್ಧದಷ್ಟು ಅಯಾನುಗಳು ಹೀಗೆ ಒಂದು ಹೈಡ್ರೋಜನ್ ಕಳೆದುಕೊಂಡಿರುತ್ತವೆ. ಅಂದರೆ ಅಲ್ಯೂಮಿನಿಯಂ ತಾನೇ ಒಂದು ಆಮ್ಲ. ಹುಳಿಯಿಂದ ಹುಟ್ಟುತ್ತದೆ, ಹುಟ್ಟಿದ ಮೇಲೆ ಹುಳಿಯನ್ನೂ ಕೊಡುತ್ತದೆ. ಹುಳಿ ಮಣ್ಣಿಗೆ ಸುಣ್ಣ ಹಾಕಿದಾಗ ಪಿಎಚ್ ಬೇಗ ಮೇಲೇರದೆ ಸತಾಯಿಸುವುದು ಇದಕ್ಕೇ. ಹಾಕಿದ ಸುಣ್ಣದ ಬಹುಪಾಲು ಅಲ್ಯೂಮಿನಿಯಂ ಬಿಡುವ ಹುಳಿಯನ್ನು ಅಡಗಿಸುವುದರಲ್ಲೇ ತೀರುತ್ತದೆ.

ಜಾಗ ಹಿಡಿಯುವ ಜಗಳ

ಜೇಡಿ ಕಣಗಳಿಗೂ ಹ್ಯೂಮಸ್‌ಗೂ (ಎಲೆ ಕೊಳೆತು ಉಳಿದ ಕಪ್ಪು ಪದಾರ್ಥ) ಮೈಮೇಲೆ ಮೈನಸ್ ಚಾರ್ಜ್ ಇರುತ್ತದೆ. ಪ್ಲಸ್ ಚಾರ್ಜಿನ ಅಯಾನುಗಳು ಅಲ್ಲಿ ಬಂದು ಕೂರುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಒಂದು ಕಡೆ. ಹೈಡ್ರೋಜನ್, ಅಲ್ಯೂಮಿನಿಯಂ ಇನ್ನೊಂದು ಕಡೆ. ಒಟ್ಟು ಜಾಗಗಳಲ್ಲಿ ಮೊದಲ ಗುಂಪು ಹಿಡಿದಿರುವ ಪಾಲಿಗೆ ಬೇಸ್ ಸ್ಯಾಚುರೇಶನ್ ಎನ್ನುತ್ತಾರೆ. ಹಬ್ಬರ್ಡ್ ಬ್ರೂಕ್ ಮಣ್ಣಿನಲ್ಲಿ ಇದು ಸುಮಾರು ಶೇ. 10ಕ್ಕೆ ಇಳಿದಿತ್ತು.

ಈಗ ಸಲ್ಫೇಟ್ ಕಥೆ. ಇದು ಎರಡು ಮೈನಸ್ ಚಾರ್ಜ್ ಇರುವ ಅಯಾನು. ಈ ಕಾಡಿನ ಮಣ್ಣು ಅದನ್ನು ಹೆಚ್ಚು ಹಿಡಿದಿಡಲಾರದು. ನೀರಿನ ಜೊತೆ ಇಳಿದು ಹೋಗುತ್ತದೆ. ಆದರೆ ಒಂಟಿಯಾಗಿ ಹೋಗುವಂತಿಲ್ಲ. ನೀರಿನಲ್ಲಿ ಪ್ಲಸ್ಸು, ಮೈನಸ್ಸು ಸಮವಾಗಿರಲೇಬೇಕು. ಹಾಗಾಗಿ ಹೋಗುವಾಗ ಮಣ್ಣಿನಿಂದ ಒಬ್ಬ ಜೊತೆಗಾರನನ್ನು ಕರೆದುಕೊಂಡೇ ಹೋಗುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಯಥೇಚ್ಛ ಇದ್ದಾಗ ಅದೇ ಜೊತೆಗಾರ. ಆಗ ತೊರೆಗೆ ಬರುವುದು ಕ್ಯಾಲ್ಸಿಯಂ ಸಲ್ಫೇಟ್. ನೀರು ಹುಳಿಯಾಗುವುದಿಲ್ಲ, ಮೀನಿಗೂ ತೊಂದರೆಯಿಲ್ಲ, ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ಕಾಡು ತನ್ನ ಗಂಟಿನಿಂದ ಕೊಡುತ್ತಾ ಹೋಗುತ್ತದೆ. ಹೀಗೆ ಏನೂ ಆಗಿಲ್ಲವೆಂಬಂತೆ ಕಾಣುವ ದಶಕಗಳೇ ನನಗೆ ಈ ಪ್ರಕರಣದ ಅತಿ ನೋವಿನ ಭಾಗ.

ಬೇಸ್ ಸ್ಯಾಚುರೇಶನ್ ಶೇ. 15ರಿಂದ 20ಕ್ಕಿಂತ ಕೆಳಗೆ ಇಳಿಯುತ್ತಿದ್ದಂತೆ ಚಿತ್ರ ಬದಲಾಗುತ್ತದೆ. ಸಲ್ಫೇಟ್ ಕೈಗೆ ಸಿಗುವ ಜೊತೆಗಾರ ಈಗ ಅಲ್ಯೂಮಿನಿಯಂ. ಮೂರು ಸಲ್ಫೇಟಿಗೆ ಎರಡು ಅಲ್ಯೂಮಿನಿಯಂ, ಲೆಕ್ಕ ಸರಿಹೋಯಿತು. ಬದಲಾವಣೆ ನಿಧಾನವಾಗಿ ಬರುವುದಿಲ್ಲ. ಒಂದು ಮಟ್ಟದವರೆಗೆ ನೀರಿನಲ್ಲಿ ಅಲ್ಯೂಮಿನಿಯಂ ಕಾಣುವುದೇ ಇಲ್ಲ, ಆ ಮಟ್ಟ ದಾಟಿದ ಮೇಲೆ ದಬದಬ ಏರುತ್ತದೆ.

ಮಳೆ ಸುಧಾರಿಸಿದರೂ ತೊರೆ ಯಾಕೆ ಸುಧಾರಿಸಲಿಲ್ಲ ಎಂಬುದು ಈಗ ಬಿಡಿಸಿಕೊಳ್ಳುತ್ತದೆ. ಸಲ್ಫೇಟ್ ಕಡಿಮೆಯಾದದ್ದರಿಂದ ಹೊರಗೆ ಹೋಗುವವರ ಸಂಖ್ಯೆ ಕಡಿಮೆಯಾಯಿತು, ನಿಜ. ಆದರೆ ಮಣ್ಣಿನ ಮೇಲೆ ಕೂತವರು ಯಾರು ಎಂಬುದು ಬದಲಾಗಲಿಲ್ಲ. ಇಂದು ತೊರೆಗೆ ಬರುವ ಅಲ್ಯೂಮಿನಿಯಂ ಇಂದಿನ ಮಳೆಯೊಂದನ್ನೇ ನೋಡಿ ತೀರ್ಮಾನವಾಗುವುದಿಲ್ಲ. ನಲವತ್ತು, ಐವತ್ತು ವರ್ಷದ ಹಿಂದಿನ ಮಳೆ ಮಣ್ಣಿನಿಂದ ಏನನ್ನು ಕಿತ್ತುಕೊಂಡು ಹೋಯಿತು ಎಂಬುದೂ ಅದರಲ್ಲಿ ಸೇರಿರುತ್ತದೆ. ಬಂಡೆ ಸವೆದು ಹೊಸ ಕ್ಯಾಲ್ಸಿಯಂ ಬರುವುದು ಬಹಳ ನಿಧಾನ. ಈ ಕಾಡಿನ ಬಂಡೆಗಳಲ್ಲಿ ಕ್ಯಾಲ್ಸಿಯಂ ಮೊದಲೇ ಕಡಿಮೆ.

ಯಾವ ಅಲ್ಯೂಮಿನಿಯಂ?

ಇಲ್ಲಿನ ಮಣ್ಣು ಪಾಡ್ಜಾಲ್ ಜಾತಿಯದು. ಗುಂಡಿ ತೋಡಿ ನೋಡಿದರೆ ಪದರಗಳು ಬಣ್ಣದಿಂದಲೇ ಗೊತ್ತಾಗುತ್ತವೆ. ಮೇಲೆ ಕೊಳೆತ ಎಲೆಯ ಕಪ್ಪು ಪದರ. ಅದರ ಕೆಳಗೆ ತೊಳೆದಿಟ್ಟಂತೆ ಬೂದು ಬಿಳುಪಿನ ಪದರ. ಅದರ ಕೆಳಗೆ ಕೆಂಗಂದು ಬಣ್ಣದ ಪದರ. ಎಲೆ ಕೊಳೆತು ಬರುವ ಸಾವಯವ ಆಮ್ಲಗಳು ಬೂದು ಪದರದ ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ಹಿಡಿದು ಕೆಳಗಿಳಿಸಿ ಕಂದು ಪದರದಲ್ಲಿ ಕೂಡಿಹಾಕುತ್ತವೆ. ಇದು ಮನುಷ್ಯರ ಹೊಗೆಗೂ ಮೊದಲಿನಿಂದ, ಸಾವಿರಾರು ವರ್ಷಗಳಿಂದ ನಡೆದು ಬಂದ ಕೆಲಸ. ಹುಳಿಮಳೆ ತಂದ ಬದಲಾವಣೆಯೇ ಬೇರೆ. ನ್ಯೂ ಹ್ಯಾಂಪ್‌ಶೈರ್‌ನ ಎತ್ತರದ ಕಾಡುಗಳನ್ನು ನೋಡಿ ಕ್ರಿಸ್ಟೋಫರ್ ಕ್ರೋನನ್ ಮತ್ತು ಕಾರ್ಲ್ ಸ್ಕೋಫೀಲ್ಡ್ 1979ರಲ್ಲೇ ಇದನ್ನು ತೋರಿಸಿಕೊಟ್ಟರು. ಗಂಧಕದ ಆಮ್ಲ ಬಂದಾಗ ಅಲ್ಯೂಮಿನಿಯಂ ಕಂದು ಪದರದಲ್ಲಿ ನಿಲ್ಲುವುದಿಲ್ಲ. ಸಾವಯವ ಹಿಡಿತವಿಲ್ಲದ ಬಿಡಿ ಅಯಾನಾಗಿ, ಪದರಗಳನ್ನು ದಾಟಿ ನೇರ ತೊರೆಗೆ ಬರುತ್ತದೆ.

ಹಿಡಿತದಲ್ಲಿರುವುದು ಮತ್ತು ಬಿಡಿಯಾಗಿರುವುದು, ಈ ಎರಡನ್ನು ಬೇರೆ ಮಾಡಿ ಅಳೆಯದಿದ್ದರೆ ಯಾವ ತೀರ್ಮಾನಕ್ಕೂ ಬರಲಾಗದು. ಸಿಟ್ರೇಟ್, ಆಕ್ಸಲೇಟ್, ಫುಲ್ವಿಕ್ ಆಮ್ಲಗಳ ತೆಕ್ಕೆಯಲ್ಲಿರುವ ಅಲ್ಯೂಮಿನಿಯಂ ಬೇರಿಗೂ ಮೀನಿಗೂ ಹೆಚ್ಚು ತೊಂದರೆ ಕೊಡುವುದಿಲ್ಲ. ಡ್ರಿಸ್ಕಾಲ್ 1984ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ತುಂಬಾ ಬಳಕೆಯಾಯಿತು. ನನಗೆ ಅದರ ಸರಳತೆ ಬಹಳ ಇಷ್ಟ. ಒಂದು ಸಣ್ಣ ಗಾಜಿನ ಕೊಳವೆ. ಅದರೊಳಗೆ ಪ್ಲಸ್ ಅಯಾನುಗಳನ್ನು ಹಿಡಿಯುವ ರೆಸಿನ್ ಮಣಿಗಳು. ತೊರೆಯ ನೀರನ್ನು ಅದರ ಮೂಲಕ ಹಾಯಿಸಿದರೆ ಬಿಡಿ ಅಲ್ಯೂಮಿನಿಯಂ ಮಣಿಗಳಿಗೆ ಅಂಟಿಕೊಳ್ಳುತ್ತದೆ. ಸಾವಯವ ತೆಕ್ಕೆಯಲ್ಲಿರುವುದು ಜಾರಿ ಕೆಳಗೆ ಬರುತ್ತದೆ. ಹಾಯಿಸುವ ಮೊದಲು ಒಂದು ಅಳತೆ, ಹಾಯಿಸಿದ ಮೇಲೆ ಒಂದು ಅಳತೆ. ಕಳೆದರೆ ಸಿಗುವುದೇ ಅಪಾಯದ ಪಾಲು. ಅಳೆಯುವುದಕ್ಕೆ ಪೈರೋಕ್ಯಾಟಕಾಲ್ ವಯಲೆಟ್‌ನಂತಹ ಬಣ್ಣಗಳಿವೆ. ಅಲ್ಯೂಮಿನಿಯಂ ಸೇರಿದಾಗ ಅದು ನೀಲಿಯಾಗುತ್ತದೆ. ನೀಲಿ ಎಷ್ಟು ಗಾಢವೋ ಲೋಹ ಅಷ್ಟು ಜಾಸ್ತಿ.

ಹೀಗೆ ಅಳೆದಾಗ ಹಬ್ಬರ್ಡ್ ಬ್ರೂಕ್ ತೊರೆಗಳಲ್ಲಿ ಒಂದು ಮಾದರಿ ಕಂಡಿತು. ತೊರೆ ಹುಟ್ಟುವ ಮೇಲ್ತುದಿಯಲ್ಲಿ, ಸ್ಪ್ರೂಸ್ ಮತ್ತು ಫರ್ ಮರಗಳಿರುವ ತೆಳು ಮಣ್ಣಿನ ಜಾಗದಲ್ಲಿ ನೀರು ಹೆಚ್ಚು ಹುಳಿ, ಅಲ್ಯೂಮಿನಿಯಂ ಹೆಚ್ಚು. ಕೆಳಗೆ ಬಂದಂತೆ ಮಣ್ಣು ದಪ್ಪವಾಗುತ್ತದೆ, ನೀರು ಮಣ್ಣಿನ ಜೊತೆ ಹೆಚ್ಚು ಹೊತ್ತು ಕಳೆಯುತ್ತದೆ, ಹುಳಿ ಇಳಿಯುತ್ತದೆ. ಒಂದೇ ತೊರೆಯಲ್ಲಿ ಎಲ್ಲಿ ಬಾಟಲಿ ಅದ್ದಿದಿರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಬೇರಿನ ತುದಿಯಲ್ಲಿ ಎರಡು ಮಿಲಿಮೀಟರ್

ಅಲ್ಯೂಮಿನಿಯಂ ಬೇರಿಗೆ ಏನು ಮಾಡುತ್ತದೆ ಎಂಬುದನ್ನು ಬೇರಿನ ತುದಿಯ ಒಂದೆರಡು ಮಿಲಿಮೀಟರ್ ಜಾಗದಲ್ಲೇ ನೋಡಬಹುದು. ಕೋಶಗಳು ಹುಟ್ಟಿ, ಉದ್ದವಾಗಲು ಹೊರಡುವ ಜಾಗ ಅದು. ಅಲ್ಲಿನ ಕೋಶಗೋಡೆಯಲ್ಲಿ ಪೆಕ್ಟಿನ್ ಇದೆ, ಅದಕ್ಕೂ ಮೈನಸ್ ಚಾರ್ಜ್. ಸಾಮಾನ್ಯವಾಗಿ ಕ್ಯಾಲ್ಸಿಯಂ ಅಲ್ಲಿ ಕೂತು ಗೋಡೆಯನ್ನು ಹದವಾಗಿ ಇಡುತ್ತದೆ. ಅಲ್ಯೂಮಿನಿಯಂ ಅದನ್ನು ತಳ್ಳಿ ಕೂತರೆ ಗೋಡೆ ಬಿರುಸಾಗುತ್ತದೆ, ಹಿಗ್ಗುವುದಿಲ್ಲ. ಬಾರ್ಲಿಯಂತಹ ಸೂಕ್ಷ್ಮ ಬೆಳೆಗಳಲ್ಲಿ ಒಂದೆರಡು ಗಂಟೆಗಳಲ್ಲೇ ಬೇರು ಉದ್ದವಾಗುವುದು ನಿಧಾನವಾಗುತ್ತದೆ. ದಿನಗಳು ಕಳೆದರೆ ತುದಿ ಊದಿ, ಕಂದಾಗಿ, ಮುಟ್ಟಿದರೆ ಪಟ್ಟನೆ ಮುರಿಯುವಂತಾಗುತ್ತದೆ. ಪಕ್ಕದ ಬೇರುಗಳು ಗಿಡ್ಡಗೆ, ದಪ್ಪಗೆ, ಹವಳದ ಕೊಂಬೆಯಂತೆ ನಿಂತುಬಿಡುತ್ತವೆ. ಹೆಮಟಾಕ್ಸಿಲಿನ್ ಎಂಬ ಬಣ್ಣದಲ್ಲಿ ಇಂತಹ ಬೇರನ್ನು ಅದ್ದಿದರೆ ಅಲ್ಯೂಮಿನಿಯಂ ಕೂತ ಜಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ ಆ ನೇರಳೆ ತುದಿಯಲ್ಲೇ ಗಾಢ.

ಕಾಡುಮರಗಳು ಬಾರ್ಲಿಯಷ್ಟು ಸೂಕ್ಷ್ಮವಲ್ಲ. ಅವುಗಳ ವಿಷಯದಲ್ಲಿ ನೇರ ವಿಷಕ್ಕಿಂತ ದಾರಿ ಅಡ್ಡಗಟ್ಟುವುದೇ ದೊಡ್ಡ ಸಮಸ್ಯೆ ಎಂದು ನನ್ನ ತಿಳುವಳಿಕೆ. ಅಲ್ಯೂಮಿನಿಯಂ ಎದುರಿಗಿದ್ದರೆ ಬೇರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರುವುದು ಕುಗ್ಗುತ್ತದೆ. ಮಣ್ಣಿನಲ್ಲಿ ಇರುವುದೇ ಕಡಿಮೆ, ಅದೂ ಬಾಯಿಗೆ ಬರುವುದಿಲ್ಲ. ಅದಕ್ಕೇ ಅರಣ್ಯ ವಿಜ್ಞಾನಿಗಳು ಅಲ್ಯೂಮಿನಿಯಂ ಒಂದನ್ನೇ ನೋಡದೆ ಮಣ್ಣುನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ಅಣುಗಳ ಅನುಪಾತ ನೋಡುತ್ತಾರೆ. ಅದು 1ರ ಹತ್ತಿರ ಅಥವಾ ಕೆಳಗೆ ಬಂದರೆ ಎಚ್ಚರಿಕೆ. ಈ 1 ಅನ್ನು ಪಾಸು, ಫೇಲಿನ ಗೆರೆಯಂತೆ ಬಳಸುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಅದು ಅಪಾಯದ ಅಂದಾಜು, ಮರದ ಜಾತಿಗೆ ತಕ್ಕಂತೆ ಬದಲಾಗುತ್ತದೆ.

ಮೀನಿನ ಕಥೆ ಕಿವಿರಿನಲ್ಲಿದೆ. ಹುಳಿ ನೀರಿನಲ್ಲಿ ಕರಗಿ ಬಂದ ಅಲ್ಯೂಮಿನಿಯಂ, ಪಿಎಚ್ ತುಸು ಹೆಚ್ಚಿರುವ ಕಿವಿರಿನ ಮೈಗೆ ತಾಗಿದಾಗ ಅಲ್ಲೇ ಹೆಪ್ಪುಗಟ್ಟುತ್ತದೆ. ಲೋಳೆ ಕಟ್ಟಿಕೊಳ್ಳುತ್ತದೆ, ಉಸಿರು ಕಷ್ಟವಾಗುತ್ತದೆ, ರಕ್ತದ ಉಪ್ಪು ಸೋರಿಹೋಗುತ್ತದೆ.

1999ರ ಅಕ್ಟೋಬರ್

ಕ್ಯಾಲ್ಸಿಯಂ ಕೊರತೆಯೇ ಕಾರಣ ಎಂದು ಹೇಳುವುದು ಒಂದು, ತೋರಿಸುವುದು ಇನ್ನೊಂದು. ತೋರಿಸುವ ದಾರಿ ಒಂದೇ: ಹೋದ ಕ್ಯಾಲ್ಸಿಯಂ ಅನ್ನು ವಾಪಸ್ ಹಾಕಿ ನೋಡುವುದು. 11.8 ಹೆಕ್ಟೇರಿನ 1ನೇ ಕಣಿವೆಯನ್ನು ಇದಕ್ಕೆ ಆರಿಸಿದರು. 13.2 ಹೆಕ್ಟೇರಿನ 6ನೇ ಕಣಿವೆಯನ್ನು ಹೋಲಿಕೆಗೆಂದು ಹಾಗೇ ಬಿಟ್ಟರು.

ಸುಣ್ಣ ಹಾಕಬಹುದಿತ್ತು. ಹಾಕಲಿಲ್ಲ. ಸುಣ್ಣದ ಕಲ್ಲು ಬೇಗ ಕರಗಿ ಪಿಎಚ್ ಅನ್ನು ಒಮ್ಮೆಲೇ ಎತ್ತುತ್ತದೆ. ಹಾಗೆ ಎತ್ತಿದರೆ ಕಾಡಿಗೆ ಬಂದ ಬದಲಾವಣೆ ಕ್ಯಾಲ್ಸಿಯಂನಿಂದಲೋ, ಆ ಏಟಿನಿಂದಲೋ ತಿಳಿಯುವುದಿಲ್ಲ. ಅವರು ಆರಿಸಿದ್ದು ವೊಲಾಸ್ಟೊನೈಟ್, ಅಂದರೆ ಕ್ಯಾಲ್ಸಿಯಂ ಸಿಲಿಕೇಟ್ ಖನಿಜ. ಎರಡು ಹೈಡ್ರೋಜನ್ ಅಯಾನುಗಳನ್ನು ತೆಗೆದುಕೊಂಡು ಒಂದು ಕ್ಯಾಲ್ಸಿಯಂ ಕೊಡುತ್ತದೆ, ಜೊತೆಗೆ ಸಿಲಿಸಿಕ್ ಆಮ್ಲ ಬಿಡುತ್ತದೆ. ಬಂಡೆ ಸವೆಯುವಾಗ ಕಾಡಿನಲ್ಲಿ ನಡೆಯುವುದೂ ಇದೇ ಬಗೆಯ ಕ್ರಿಯೆ. ಅದನ್ನೇ ಸ್ವಲ್ಪ ಬೇಗ ಮಾಡಿಸಿದಂತೆ. ಇನ್ನೊಂದು ಜಾಣತನವೂ ಇತ್ತು. ಸ್ಟ್ರಾನ್ಷಿಯಂ ಕ್ಯಾಲ್ಸಿಯಂ ಜೊತೆಜೊತೆಗೇ ಓಡಾಡುವ ಲೋಹ. ಈ ಖನಿಜದಲ್ಲಿ ಅದರ ಐಸೋಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಪ್ರಮಾಣ ಕಾಡಿನ ಮಣ್ಣಿನದಕ್ಕಿಂತ ಬೇರೆ. ಹಾಗಾಗಿ ಮುಂದೆ ತೊರೆಯಲ್ಲೋ, ಎಲೆಯಲ್ಲೋ ಸಿಗುವ ಕ್ಯಾಲ್ಸಿಯಂ ಹಳೆಯದೋ ಹೊಸದೋ ಎಂದು ಗುರುತಿಸಬಹುದು.

ಖನಿಜವನ್ನು ನುಣ್ಣಗೆ ಅರೆದು, ನೀರಿನಲ್ಲಿ ಕರಗುವ ಲಿಗ್ನೋಸಲ್ಫೋನೇಟ್ ಅಂಟು ಸೇರಿಸಿ ಸಣ್ಣ ಗುಳಿಗೆ ಮಾಡಿದರು. ಪುಡಿಯಾಗಿದ್ದರೆ ಗಾಳಿ ಹೊತ್ತೊಯ್ಯುತ್ತಿತ್ತು. ಗುಳಿಗೆಯಾದರೆ ಮರಗಳ ನಡುವಿನಿಂದ ನೆಲಕ್ಕೆ ಬಿದ್ದು, ಒದ್ದೆಯಾದ ಕೂಡಲೇ ಮತ್ತೆ ಪುಡಿಯಾಗುತ್ತದೆ. 1999ರ ಅಕ್ಟೋಬರಿನಲ್ಲಿ ಹೆಲಿಕಾಪ್ಟರಿನಿಂದ ಕಣಿವೆಯ ಮೇಲೆಲ್ಲ ಚೆಲ್ಲಿದರು. ಹೆಕ್ಟೇರಿಗೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ. ಖನಿಜದ ಲೆಕ್ಕದಲ್ಲಿ ಮೂರು ಟನ್‌ನ ಆಸುಪಾಸು. ಒಂದು ಚದರ ಮೀಟರಿಗೆ ಸುಮಾರು 300 ಗ್ರಾಂ. ಗುರಿ ಇದ್ದದ್ದು ಬೇಸ್ ಸ್ಯಾಚುರೇಶನ್ ಅನ್ನು ಶೇ. 10ರಿಂದ ಶೇ. 19ಕ್ಕೆ, ಅಂದರೆ ಹುಳಿಮಳೆಗೂ ಮೊದಲು ಇದ್ದಿರಬಹುದಾದ ಮಟ್ಟಕ್ಕೆ ತರುವುದು. ಅಲ್ಯೂಮಿನಿಯಂ ಹೊರಬರಲು ಶುರುವಾಗುವ ಆ 15ರಿಂದ 20ರ ಮಟ್ಟವನ್ನು ನೆನಪಿಸಿಕೊಂಡರೆ ಈ 19ರ ಮಹತ್ವ ಗೊತ್ತಾಗುತ್ತದೆ.

ಪದರ ಪದರವಾಗಿ ಬಂದ ಉತ್ತರ

ಮೊದಲು ಎಚ್ಚೆತ್ತದ್ದು ತೊರೆ. ಕ್ಯಾಲ್ಸಿಯಂ ಏರಿತು, ಸಿಲಿಕಾ ಏರಿತು, ಪಿಎಚ್ ಏರಿತು. ಇದನ್ನು ನೋಡಿ ‘ಮಣ್ಣು ಸರಿಹೋಯಿತು’ ಎಂದುಕೊಂಡಿದ್ದರೆ ಮೋಸಹೋಗುತ್ತಿದ್ದರು. ಸ್ಟ್ರಾನ್ಷಿಯಂ ಗುರುತು ಬೇರೆಯೇ ಹೇಳಿತು. ಈ ಆರಂಭದ ಏರಿಕೆ ಬಹುಮಟ್ಟಿಗೆ ತೊರೆಯೊಳಗೆ ಮತ್ತು ಅದರ ದಡದಲ್ಲಿ ಬಿದ್ದ ಗುಳಿಗೆಗಳಿಂದ ಬಂದದ್ದು. ಉಳಿದ ಕ್ಯಾಲ್ಸಿಯಂನ ಬಹುಪಾಲು ಇನ್ನೂ ಮಣ್ಣಿನ ಮೇಲ್ಪದರದಲ್ಲೇ ಕೂತಿತ್ತು.

ನಿಜವಾದ ಬದಲಾವಣೆ ಮೇಲಿಂದ ಕೆಳಕ್ಕೆ, ಪದರ ಪದರವಾಗಿ ಇಳಿಯಿತು. ಮೊದಲು ಎಲೆ ಕೊಳೆಯುವ ಪದರದಲ್ಲಿ ಜಾಗ ಹಿಡಿಯುವ ಜಗಳ ತಿರುಗಿತು. ಕ್ಯಾಲ್ಸಿಯಂ ಕೂತಿತು, ಅಲ್ಲಿನ ಮಣ್ಣುನೀರಿನಲ್ಲಿ ಬಿಡಿ ಅಲ್ಯೂಮಿನಿಯಂ ಇಳಿಯಿತು. ಕೆಳಗಿನ ಖನಿಜ ಪದರಗಳಲ್ಲಿ ಅದೇ ಸುದ್ದಿ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿದವು, ಪರಿಣಾಮವೂ ಮೆತ್ತಗಿತ್ತು. ಯಾಕೆಂದರೆ ಮೇಲಿನ ಪದರದ ಹ್ಯೂಮಸ್ ಕ್ಯಾಲ್ಸಿಯಂ ಅನ್ನು ಸುಲಭಕ್ಕೆ ಬಿಡುವುದಿಲ್ಲ. ಅದು ಕೊಟ್ಟಷ್ಟು ಮಾತ್ರ ಕೆಳಗೆ. ಆಳದ ಅಲ್ಯೂಮಿನಿಯಂ ಅನ್ನು ಮೇಲಿಂದ ಚೆಲ್ಲಿದ ಯಾವ ಖನಿಜದಿಂದಲೂ ಬೇಗ ಮುಟ್ಟಲಾಗುವುದಿಲ್ಲ.

ಮರಗಳು ಅಷ್ಟು ಕಾಯಲಿಲ್ಲ. ಅವುಗಳ ಸಣ್ಣ ಬೇರುಗಳು ಬಹಳಷ್ಟು ಇರುವುದೇ ಮೇಲ್ಪದರದಲ್ಲಿ. ಶುಗರ್ ಮೇಪಲ್ ಎಲೆಗಳಲ್ಲಿ ಕ್ಯಾಲ್ಸಿಯಂ ಏರಿತು, ಮ್ಯಾಂಗನೀಸ್ ಇಳಿಯಿತು, ಮರದ ನೆತ್ತಿ ಎಲೆಗಳಿಂದ ತುಂಬಿಕೊಂಡಿತು. ಸಸಿಗಳು ಹೆಚ್ಚು ದಟ್ಟವಾಗಿ ಎದ್ದವು. ಸಸಿಗಳ ಬೇರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಬೇರಿನ ಜೊತೆ ಬಾಳುವ ಮೈಕೋರೈಜಾ ಶಿಲೀಂಧ್ರ 1ನೇ ಕಣಿವೆಯಲ್ಲಿ ಬೇರಿನ ಉದ್ದದ ಶೇ. 22ರಷ್ಟನ್ನು ಹಿಡಿದಿತ್ತು. ಹೋಲಿಕೆಯ ಜಾಗದಲ್ಲಿ ಅದು ಬರೀ ಶೇ. 4. ಈ ಎರಡು ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಮತ್ತೆ ಹಿಂದಕ್ಕೆ ಹೋಗಿ ಓದಿದ್ದೆ. ಬೇರಿನ ತುದಿಯ ಕಥೆಗೆ ಇದಕ್ಕಿಂತ ಸ್ಪಷ್ಟವಾದ ಮುಂದುವರಿಕೆ ಬೇಕಿಲ್ಲ.

ರೆಡ್ ಸ್ಪ್ರೂಸ್ ಮರಗಳ ಪರೀಕ್ಷೆಯನ್ನು ಚಳಿಯೇ ಮಾಡಿತು. 2003ರಲ್ಲಿ ಆ ಭಾಗದಲ್ಲೆಲ್ಲ ಸ್ಪ್ರೂಸ್ ಸೂಜಿಎಲೆಗಳು ಚಳಿಗೆ ಸುಟ್ಟು ಕೆಂಪಾದವು. 1ನೇ ಕಣಿವೆಯಲ್ಲಿ ಹಾನಿ ಸ್ಪಷ್ಟವಾಗಿ ಕಡಿಮೆ ಇತ್ತು. ಕೋಶದ ಪೊರೆಯನ್ನು ಗಟ್ಟಿಯಾಗಿಡಲು ಕ್ಯಾಲ್ಸಿಯಂ ಬೇಕು. ಅದು ಕಡಿಮೆಯಾದರೆ ಚಳಿ ತಡೆಯುವ ಶಕ್ತಿ ಕುಗ್ಗುತ್ತದೆ. ಹಾಕಿದ ನಂತರದ ಮೂರು ವರ್ಷ ಮರಗಳು ನೀರನ್ನೂ ಹೆಚ್ಚು ಎಳೆದವು. ತೊರೆಯಲ್ಲಿ ಹರಿವು ಅಷ್ಟು ಇಳಿದದ್ದು ಅದೇ ಕಟ್ಟೆಯಲ್ಲಿ ದಾಖಲಾಯಿತು. ಹದಿನೈದು ವರ್ಷದ ಲೆಕ್ಕದಲ್ಲಿ 1ನೇ ಕಣಿವೆಯ ಮರಗಳು ಹೋಲಿಕೆಯ ಕಣಿವೆಗಿಂತ ಸುಮಾರು ಶೇ. 21 ಹೆಚ್ಚು ಮರಮುಟ್ಟು, ಶೇ. 11 ಹೆಚ್ಚು ಎಲೆ ಬೆಳೆದಿದ್ದವು.

ಇಷ್ಟು ಓದಿದರೆ ಎಲ್ಲ ಕಡೆ ವೊಲಾಸ್ಟೊನೈಟ್ ಚೆಲ್ಲಿಬಿಡೋಣ ಎನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಪಾಸ್‌ಬುಕ್‌ನ ಮುಂದಿನ ಪುಟಗಳು ತಡೆಯುತ್ತವೆ. ಹುಳಿ ಇಳಿದಾಗ ಎಲೆ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಹುರುಪು ಬಂತು. ನೆಲದ ಮೇಲಿನ ಸಾವಯವ ಪದರ ಕರಗತೊಡಗಿತು. ಹಾಕಿ ಹತ್ತು ವರ್ಷ ದಾಟುವ ಹೊತ್ತಿಗೆ 1ನೇ ಕಣಿವೆಯ ತೊರೆಯಲ್ಲಿ ನೈಟ್ರೇಟ್ ಹೋಲಿಕೆಯ ಕಣಿವೆಗಿಂತ ಹಲವು ಪಟ್ಟು ಹೆಚ್ಚಾಗಿತ್ತು. ಸಾರಜನಕವನ್ನು ಹಿಡಿದಿಡುತ್ತಿದ್ದ ಕಾಡು ಅದನ್ನು ಬಿಟ್ಟುಕೊಡುವ ಕಾಡಾಯಿತು ಎಂಬ ವರದಿ 2016ರಲ್ಲಿ ಬಂತು. ಇದು ಯಾರೂ ಎದುರು ನೋಡದ ತಿರುವು.

ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಈ ತಿರುವು ನಮ್ಮನ್ನು ಹೊರಟ ಜಾಗಕ್ಕೇ ತರುತ್ತದೆ. ನೈಟ್ರೇಟ್ ಕೂಡ ಸಲ್ಫೇಟಿನಂತೆಯೇ ನೀರಿನ ಜೊತೆ ಓಡುವ ಮೈನಸ್ ಅಯಾನು. ಅದಕ್ಕೂ ಜೊತೆಗಾರ ಬೇಕು. 1ನೇ ಕಣಿವೆಯ ಮಣ್ಣಿನಲ್ಲಿ ಈಗ ಕ್ಯಾಲ್ಸಿಯಂ ಇರುವುದರಿಂದ ಸದ್ಯಕ್ಕೆ ಅದರ ಕೈ ಹಿಡಿಯುವುದು ಹೆಚ್ಚಾಗಿ ಕ್ಯಾಲ್ಸಿಯಂ. ಹಾಗಾಗಿ ತೊರೆಯಲ್ಲಿ ಅಲ್ಯೂಮಿನಿಯಂ ಜಿಗಿಯುವುದಿಲ್ಲ. ಆದರೆ ಹೆಲಿಕಾಪ್ಟರಿನಿಂದ ಬಂದ ಕ್ಯಾಲ್ಸಿಯಂನ ಒಂದು ಪಾಲು ಹೀಗೆ ಸದ್ದಿಲ್ಲದೆ ಕಟ್ಟೆ ದಾಟಿ ಹೋಗುತ್ತದೆ. ಎಷ್ಟು ಹೋಯಿತು, ಮಣ್ಣಿನಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ವಾರದ ಬಾಟಲಿಗಳಿಂದಲೇ ಬರೆಯಬೇಕು.